ಕೋಲಿಗಿಂತ ಮೊದಲು ಕುರ್ಚಿ

(ದಾವಣಗೆರೆಯ ಪಿ.ಜೆ. ಬಡಾವಣೆಯ ತಾಯಿಯೊಬ್ಬರ ಪತ್ರ: "ಮಗಳು ಪಿಯುಸಿ ಮೊದಲ ವರ್ಷ. ಏಳು ವರ್ಷದಿಂದ ಕರ್ನಾಟಕ ಸಂಗೀತದ ಪಿಟೀಲು ಕಲಿತಿದ್ದಾಳೆ. ರಜೆಗೆ ಮುಂಬೈಗೆ ಹೋದವಳು ಅಲ್ಲಿ ಸಿಂಫನಿ ಆರ್ಕೆಸ್ಟ್ರಾ ನೋಡಿ ಬಂದು, ಕಂಡಕ್ಟರ್ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಬಸ್ಸಿನ ಜೋಕೆಲ್ಲ ಮನೆಯಲ್ಲಿ ಆಗಿ ಮುಗಿದಿದೆ. ಸುಮ್ನೆ ಕೋಲು ಆಡಿಸೋಕೆ ಯಾರು ಸಂಬಳ ಕೊಡ್ತಾರೆ ಅಂತಾರೆ ಅವರಪ್ಪ. ಏನು ಹೇಳಲಿ?")

ಅಕ್ಕಾ, ಹಾಗೆ ಕರೆಯಬಹುದು ಅಲ್ವಾ?

ಮೊದಲು ಯಜಮಾನರ ಪ್ರಶ್ನೆ. ಸಂಬಳ ಕೊಡುತ್ತಾರೆ, ಆದರೆ ನಮ್ಮ ಹತ್ತಿರದಲ್ಲಿ ಯಾರೂ ಇಲ್ಲ. ನಿಮ್ಮ ಮಗಳು ನೋಡಿ ಬಂದದ್ದು ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇರಬೇಕು. ಅದು ಶುರುವಾದದ್ದೇ 2006ರಲ್ಲಿ, ಅಲ್ಲಿ ನುಡಿಸುವವರಲ್ಲಿ ಹೊರದೇಶದವರು ಬಹಳ ಜನ. ನಮ್ಮೂರಲ್ಲಂತೂ ಆರ್ಕೆಸ್ಟ್ರಾ ಅಂದರೆ ಗಣಪತಿ ಪೆಂಡಾಲಿನ ಮುಂದೆ ರಾತ್ರಿ ಹನ್ನೊಂದರವರೆಗೆ ಸಿನಿಮಾ ಹಾಡು. ಅದನ್ನು ಹೀಗಳೆಯುತ್ತಿಲ್ಲ, ಮುಂದಿನ ಸಾಲಿನಲ್ಲಿ ಕೂತು ಕೇಳಿದವನು ನಾನು.

ಇನ್ನು ಆ ಕೋಲಿನ ವಿಷಯ. ಡೊಳ್ಳಿನ ಮೇಳದಲ್ಲಿ ಮುಂದಾಳು ತಾನೂ ಬಾರಿಸುತ್ತಾನೆ, ಅವನ ಪೆಟ್ಟು ಬದಲಾದರೆ ಉಳಿದವರದ್ದೂ ಬದಲಾಗುತ್ತದೆ. ಸಿಂಫನಿ ಆರ್ಕೆಸ್ಟ್ರಾದಲ್ಲಿ ಕೋಲು ಹಿಡಿದು ಮುಂದೆ ನಿಂತ ಕಂಡಕ್ಟರದ್ದು ಸದ್ದೇ ಇಲ್ಲ. ಬಲಗೈ ಲಯ ಹೇಳುತ್ತದೆ, ಎಡಗೈ ಸಾಮಾನ್ಯವಾಗಿ ಯಾರು ಮೆತ್ತಗೆ, ಯಾರು ಜೋರು, ಯಾರು ಈಗ ಒಳಗೆ ಬರಬೇಕು ಅನ್ನುವುದನ್ನು. ಬೀಥೋವನ್‌ನ ಐದನೇ ಸಿಂಫನಿ ಗೊತ್ತಲ್ಲ, ಆ ಡ-ಡ-ಡ-ಡಾಂ. ಅದು ಶುರುವಾಗುವುದು ಸದ್ದಿನಿಂದಲ್ಲ, ಅರ್ಧ ಉಸಿರಿನಷ್ಟು ಮೌನದಿಂದ. ಕಂಡಕ್ಟರ್ ಕೈ ಇಳಿಯುವುದು ಆ ಮೌನದ ಮೇಲೆ, ಹತ್ತಾರು ಜನ ಅದಾದ ಮೇಲೆ ಒಟ್ಟಿಗೆ ಎತ್ತಿಕೊಳ್ಳಬೇಕು. ನಿಮ್ಮ ಮಗಳಿಗೆ ಅನಾಗತ ಎಡುಪು (ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವುದು) ಅಂದರೆ ತಕ್ಷಣ ಅರ್ಥವಾಗುತ್ತದೆ, ಕೇಳಿ ನೋಡಿ. ವ್ಯತ್ಯಾಸ ಇಷ್ಟೇ, ಅವಳು ತನ್ನ ಮನಸ್ಸಿನಲ್ಲೇ ತಾಳ ಹಾಕಿಕೊಂಡು ತಾನೇ ಎತ್ತಿಕೊಳ್ಳುತ್ತಾಳೆ, ಅಲ್ಲಿ ಬೇರೆಯವರು ಎತ್ತಿಕೊಳ್ಳುವ ಹಾಗೆ ಮಾಡಬೇಕು.

ಇದನ್ನು ಕನ್ನಡಿ ಮುಂದೆ ನಿಂತು ಕಲಿಯೋಕಾಗಲ್ಲ. ನನ್ನ ವಾದವೆಲ್ಲ ಇಷ್ಟೇ: ಕಂಡಕ್ಟಿಂಗ್ ಕೋರ್ಸ್ ಹುಡುಕಬೇಡಿ, ಮೊದಲು ಅವಳು ಯಾವುದಾದರೂ ಗುಂಪಿನಲ್ಲಿ ಒಂದು ಕುರ್ಚಿ ಹಿಡಿದು ಕೂರಲಿ. ಹಿಂದಿನ ಸಾಲಾದರೆ ಇನ್ನೂ ಒಳ್ಳೆಯದು.

ಕಂಡಕ್ಟರ್ ಜುಬಿನ್ ಮೆಹ್ತಾ ಹೆಸರು ಮನೆಯಲ್ಲಿ ಈಗಾಗಲೇ ಬಂದಿರುತ್ತದೆ. ಅವರೂ ಮೊದಲು ಮೆಡಿಕಲ್ ದಾರಿ ಹಿಡಿದವರೇ (ಇದನ್ನು ಯಜಮಾನರಿಗೆ ಓದಿ ಹೇಳಿ). ಅದನ್ನು ಬಿಟ್ಟು 1954ರಲ್ಲಿ, 18ನೇ ವಯಸ್ಸಿಗೆ, ವಿಯೆನ್ನಾಕ್ಕೆ ಹೋದರು. ಹಾನ್ಸ್ ಸ್ವರೋವ್ಸ್ಕಿ ಹತ್ತಿರ ಕಂಡಕ್ಟಿಂಗ್ ಕಲಿತರು ನಿಜ, ಅದರ ಜೊತೆಗೆ ಡಬಲ್ ಬಾಸ್ ಅನ್ನುವ ಆಳೆತ್ತರದ ವಾದ್ಯವನ್ನೂ ನುಡಿಸುತ್ತಿದ್ದರು. 1958ರಲ್ಲಿ ಲಿವರ್‌ಪೂಲ್‌ನಲ್ಲಿ ಕಂಡಕ್ಟರ್‌ಗಳ ಸ್ಪರ್ಧೆ ಗೆದ್ದರು. ಆಮೇಲೆ ಮಾಂಟ್ರಿಯಲ್, ಲಾಸ್ ಏಂಜಲಿಸ್, ನ್ಯೂಯಾರ್ಕ್ ಆರ್ಕೆಸ್ಟ್ರಾಗಳು.

ಆದರೆ ನನಗೆ ಜಾಸ್ತಿ ಇಷ್ಟ ಅವರಪ್ಪ. ಮೆಹ್ಲಿ ಮೆಹ್ತಾ ಪಿಟೀಲನ್ನು ಬಹುಪಾಲು ತಾವೇ ಕಲಿತವರು. 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. ಹತ್ತು ವರ್ಷದ ನಂತರ, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ಮತ್ತೆ ವಿದ್ಯಾರ್ಥಿಯಾಗಿ ನ್ಯೂಯಾರ್ಕಿಗೆ ಹೋದರು. ಐವತ್ತರ ದಶಕದಲ್ಲಿ ಮ್ಯಾಂಚೆಸ್ಟರಿನ ಹಾಲೆ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸಿದರು. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮೂರನ್ನೂ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು, ಹೋಲಿಕೆ ಗಿರಣಿಯ ಬಾಗಿಲಲ್ಲೇ ನಿಂತುಹೋಯಿತು ಅನ್ನಿ. 1964ರಲ್ಲಿ, 55 ದಾಟಿದ ಮೇಲೆ, ಲಾಸ್ ಏಂಜಲಿಸಿನಲ್ಲಿ ಹುಡುಗ ಹುಡುಗಿಯರನ್ನು ಸೇರಿಸಿ ಅಮೆರಿಕನ್ ಯೂತ್ ಸಿಂಫನಿ ಶುರುಮಾಡಿದರು. ಅದನ್ನು 33 ವರ್ಷ ನಡೆಸಿದರು. ಬಿಟ್ಟಾಗ ವಯಸ್ಸು 90ರ ಹತ್ತಿರ. ಮಗ ಊರೂರು ಸುತ್ತುತ್ತಿದ್ದಾಗ ಅಪ್ಪ ಹೊಸ ಮಕ್ಕಳಿಗೆ ಅದೇ ಹಳೇ ಪುಟಗಳನ್ನು ಮತ್ತೆ ಮೊದಲಿಂದ ಹೇಳಿಕೊಡುತ್ತಿದ್ದರು.

ಬೆಂಗಳೂರಿನಲ್ಲಿ ಒಮ್ಮೆ ಮಕ್ಕಳ ಅಭ್ಯಾಸ ನೋಡುತ್ತಾ ಕೂತಿದ್ದೆ. ನಾಲ್ಕು ಆವರ್ತದಷ್ಟು ಸಂಗೀತಕ್ಕೆ ಇಪ್ಪತ್ತು ನಿಮಿಷ ಹೋಯಿತು. ಹಿಂದೆ ತಾಳದ ಹುಡುಗನೊಬ್ಬ ತನ್ನ ಸರದಿಗೆ ಕಾಯುತ್ತಾ ಬೆರಳಲ್ಲಿ ಎಣಿಸುತ್ತಿದ್ದ. ಮೂವತ್ತೇಳೋ ಮೂವತ್ತೆಂಟೋ ಅಂತ ಗಲಿಬಿಲಿಯಾಗಿ ಮುಖ ಎತ್ತಿದ. ಮೇಷ್ಟ್ರು ಅವನ ಕಡೆ ಕಣ್ಣು ಹಾಯಿಸಿದರು ಅಷ್ಟೇ, ಸರಿಯಾಗಿ ಬಾರಿಸಿಬಿಟ್ಟ. ಅಲ್ಲಿಯವರೆಗೆ ನಾನೂ ಕೋಲಿನ ಬಗ್ಗೆ ನಿಮ್ಮ ಯಜಮಾನರ ಪಕ್ಷವೇ.

ಹುಡುಗಿಯರಿಗೆ ಇದು ಆಗುತ್ತಾ ಅಂತ ನೀವು ಕೇಳಿಲ್ಲ, ಆದರೆ ನೆಂಟರು ಕೇಳುತ್ತಾರೆ. ವಿಯೆನ್ನಾ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡದ್ದೇ 1997ರಲ್ಲಿ. ಹತ್ತು ವರ್ಷದ ನಂತರ ಕಂಡಕ್ಟರ್ ಮರಿನ್ ಆಲ್ಸಪ್ ಅಮೆರಿಕದ ಬಾಲ್ಟಿಮೋರ್ ಸಿಂಫನಿಯ ಮುಖ್ಯಸ್ಥೆಯಾದರು. ಅವರೂ ಪಿಟೀಲಿನವರೇ.

ಈಗ ಕೆಲಸದ ಮಾತು. ಅವಳ ಏಳು ವರ್ಷ ವ್ಯರ್ಥವಲ್ಲ, ಆದರೆ ಕೈ ಮತ್ತೆ ಕಲಿಯಬೇಕಾಗುತ್ತದೆ. ನಮ್ಮಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ, ತಂತಿಗಳನ್ನು ಸ-ಪ-ಸ-ಪ ಅಂತ ಶ್ರುತಿ ಮಾಡುತ್ತೇವೆ. ಅಲ್ಲಿ ಗದ್ದದ ಕೆಳಗೆ ಹಿಡಿಯಬೇಕು, ಶ್ರುತಿ ಬೇರೆ, ಸ್ವರವನ್ನು ತೂಗಾಡಿಸುವ ಗಮಕದ ಅಭ್ಯಾಸವನ್ನು ತಡೆದುಕೊಳ್ಳಬೇಕು. ಎಲ್ಲಕ್ಕಿಂತ ಕಷ್ಟ, ಐದು ಗೆರೆಯ ಸ್ವರಲಿಪಿಯನ್ನು ದಿನಪತ್ರಿಕೆ ಓದಿದಷ್ಟು ಸಲೀಸಾಗಿ ಓದಬೇಕು. ಅದಕ್ಕೆ ಒಂದೆರಡು ವರ್ಷ ಕೊಡಿ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತದ ಗ್ರೇಡ್ ಪರೀಕ್ಷೆಗಳು ನಮ್ಮ ದೇಶದಲ್ಲೂ ನಡೆಯುತ್ತವೆ, ಥಿಯರಿಯಿಂದ ಶುರುಮಾಡಲಿ. ಪಿಯುಸಿ ಮಾತ್ರ ಬಿಡಿಸಬೇಡಿ. ಹೊಟ್ಟೆಪಾಡಿಗೆ ಇಲ್ಲಿ ಸಿಗುವುದು ಬಹಳ ಮಟ್ಟಿಗೆ ಪಾಠ ಹೇಳುವುದು, ಇದನ್ನು ಅವಳಿಗೆ ಈಗಲೇ ಹೇಳಿಬಿಡಿ.

ಗುಂಪು ಎಲ್ಲಿಂದ ತರೋದು ಅಂತೀರಿ. ಊರಲ್ಲಿ ಪಿಟೀಲು, ಕೊಳಲು, ಕೀಬೋರ್ಡ್ ಕಲಿಯುವ ಮಕ್ಕಳು ಎಂಟು ಹತ್ತು ಜನ ಸಿಗಲ್ವಾ? ಚರ್ಚಿನಲ್ಲಿ ಹಾಡುವವರನ್ನೂ ಕೇಳಿ. ನಮ್ಮ ಪತ್ರಿಕೆಯ ಕಚೇರಿಯ ಮಹಡಿ ಭಾನುವಾರ ಖಾಲಿ ಇರುತ್ತದೆ. ಕುರ್ಚಿ ಹನ್ನೆರಡಿವೆ, ಒಂದಕ್ಕೆ ಕಾಲು ಸರಿ ಇಲ್ಲ. ಅದರಲ್ಲಿ ನಾನು ಕೂರುತ್ತೇನೆ.