ಕಾಲುವೆ ಕೊನೆಯವರ ಸಿಟ್ಟು

ಅಣ್ಣಾ, ನೀರಿನ ಲೆಕ್ಕ ತೋರಿಸಿದರೂ ಕಾಲುವೆಯ ಮೇಲ್ಭಾಗದ ಗಂಗಾವತಿ ಕಡೆಯವರ ಮೇಲೆ ಕೊನೆಯಲ್ಲಿರುವ ನಿಮ್ಮ ಮಾನ್ವಿಯವರ ಸಿಟ್ಟು ಯಾಕೆ ಇಳಿಯಲ್ಲ ಅಂತ ಕೇಳಿದ್ದೀರಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಲ್ಲಿ ಒಬ್ಬನ ಭತ್ತ ಒಣಗಿದರೆ, ನೀರು ಸಿಕ್ಕ ಪಕ್ಕದವನಿಗೂ 'ನಮಗೆ ಅನ್ಯಾಯ ಆಯ್ತು' ಅನಿಸುತ್ತದೆ. ಗುಂಪಿನ ಸಿಟ್ಟು ಅಂದರೆ ಇದೇ ಅಲ್ವಾ?

ಸಿಟ್ಟಿಗೆ ನಾನು ಜಾಸ್ತಿ ಹೆದರಲ್ಲ. ಸಿಟ್ಟಾದವನು ಇನ್ನೂ ಮಾತಿಗೆ ಬರುತ್ತಾನೆ. 'ಅವರು ಇರೋದೇ ಹಾಗೆ' ಎಂಬ ತಾತ್ಸಾರ ಬಂದರೆ ಮಾತೇ ನಿಲ್ಲುತ್ತದೆ.

ಮನೋವಿಜ್ಞಾನಿಗಳಾದ ಪೆಟಿಗ್ರೂ ಮತ್ತು ಟ್ರಾಪ್ 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಎರಡು ಗುಂಪಿನವರು ಬೆರೆತಾಗ ಪೂರ್ವಗ್ರಹ ಇಳಿಸುವುದು ಮಾಹಿತಿಗಿಂತ ಹೆಚ್ಚಾಗಿ, ಅಳುಕು ಕಡಿಮೆಯಾಗುವುದು, ಎದುರಿನವರ ಕಷ್ಟ ಮನಸ್ಸಿಗೆ ತಟ್ಟುವುದು.

ಗಂಗಾವತಿ ಕಡೆಯ ನಾಲ್ವರು ರೈತರನ್ನು ನಿಮ್ಮೂರಿಗೆ ಕರೆಯಿರಿ. ಬಿರುಕು ಬಿಟ್ಟ ಗದ್ದೆ ತೋರಿಸಿ, ಜೊತೆಗೆ ಕೂತು ರೊಟ್ಟಿ ತಿನ್ನಿ. ಲೆಕ್ಕದ ಹಾಳೆ ಆಮೇಲೆ ತೆಗೆಯಿರಿ.