ಪಿಎಂಆರ್ ಸೀಟು ಸಿಕ್ಕರೆ ತಗೊಳ್ಳಲೇ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಹೌಸ್ ಸರ್ಜನ್ ಆಗಿದ್ದೇನೆ. ಎಂಬಿಬಿಎಸ್ ಆದಮೇಲಿನ ಪ್ರವೇಶ ಪರೀಕ್ಷೆ ನೀಟ್ ಪಿಜಿಯಲ್ಲಿ ನನಗೆ ಬರಬಹುದಾದ ರ‍್ಯಾಂಕಿಗೆ ಮೆಡಿಸಿನ್, ಆರ್ಥೋ ಸಿಗೋದು ಕಷ್ಟ. ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್, ಅಂದರೆ ಪಿಎಂಆರ್ ಸಿಗಬಹುದು. ಅಪ್ಪ ಮಾತ್ರ "ಕೈಕಾಲು ತಿಕ್ಕಿಸಾಕ ಇಷ್ಟ ಓದಬೇಕಿತ್ತೇನ?" ಅಂತಾರೆ. ಮೂರು ವರ್ಷ ಏನು ಕಲಿಸುತ್ತಾರೆ? ಕಾಲೇಜು ಹೇಗೆ ಆರಿಸಬೇಕು?

ಉತ್ತರ: ನಿಮ್ಮ ಅಪ್ಪಾರ ಮೇಲೆ ಸಿಟ್ಟಾಗಬೇಡಿ, ಎಷ್ಟೋ ಡಾಕ್ಟರುಗಳೂ ಹಾಗೇ ತಿಳಿದಿದ್ದಾರೆ. ವ್ಯಾಯಾಮ ಮಾಡಿಸೋದು ಫಿಸಿಯೋಥೆರಪಿಸ್ಟರ ಕೆಲಸ. ಅದನ್ನು ಅವರು ಪಿಎಂಆರ್ ಡಾಕ್ಟರುಗಳಾದ ನಮಗಿಂತ ಚೆನ್ನಾಗಿ ಮಾಡುತ್ತಾರೆ. ನಮ್ಮ ಕೆಲಸ ಬೇರೆ. ಲಕ್ವಾ ಹೊಡೆದವರು, ಬೆನ್ನುಹುರಿಗೆ ಪೆಟ್ಟಾದವರು, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ಬರುತ್ತಾರೆ. ಜೀವ ಉಳಿದಿದೆ, ಮುಂದೇನು ಅನ್ನೋದು ಅವರ ಪ್ರಶ್ನೆ. ಅದಕ್ಕೆ ವೈದ್ಯಕೀಯ ಉತ್ತರ ಕೊಡೋದನ್ನೇ ಈ ಮೂರು ವರ್ಷ ಕಲಿಸುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಮರದಿಂದ ಬಿದ್ದು ಕುತ್ತಿಗೆ ಹತ್ತಿರ ಬೆನ್ನುಹುರಿ ಜಜ್ಜಿಹೋದ ರೋಗಿ ವಾರ್ಡಿನಲ್ಲಿದ್ದಾರೆ ಅಂದುಕೊಳ್ಳಿ. ರಾತ್ರಿ ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತದೆ, ಮುಖ ಕೆಂಪಾಗುತ್ತದೆ, ಬೆವರು ಸುರಿಯುತ್ತದೆ. ಬಿಪಿ 200 ದಾಟಿದೆ. ಹೊಸಬರ ಕೈ ಬಿಪಿ ಮಾತ್ರೆಗೇ ಹೋಗುತ್ತದೆ. ಪಿಎಂಆರ್ ರೆಸಿಡೆಂಟ್, ಅಂದರೆ ಆ ವಿಷಯದಲ್ಲಿ ಪಿಜಿ ಓದುತ್ತಿರುವ ಡಾಕ್ಟರು, ಮೊದಲು ರೋಗಿಯನ್ನು ಎಬ್ಬಿಸಿ ಕೂರಿಸುತ್ತಾರೆ, ಬಿಗಿ ಬಟ್ಟೆ ಸಡಿಲಿಸುತ್ತಾರೆ, ಆಮೇಲೆ ಮೂತ್ರದ ಪೈಪ್ ನೋಡುತ್ತಾರೆ. ಎಷ್ಟೋ ಸಲ ಅದು ಎಲ್ಲೋ ಮಡಚಿಕೊಂಡಿರುತ್ತದೆ. ಪೈಪ್ ಸರಿ ಮಾಡಿ ಮೂತ್ರ ಹರಿದರೆ ಬಿಪಿಯೂ ಇಳಿಯುತ್ತದೆ. ಇದಕ್ಕೆ ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅಂತಾರೆ. ಬೆನ್ನುಹುರಿಯ ಎದೆಭಾಗದ ಆರನೇ ಮಟ್ಟ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಹೆಚ್ಚಾಗಿ ಬರುತ್ತದೆ. ತಡವಾದರೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಕೈಕಾಲು ತಿಕ್ಕುವ ಮಾತೇ ಇಲ್ಲ ನೋಡಿ ಇಲ್ಲಿ. ಇದನ್ನೇ ಅಪ್ಪಾರಿಗೆ ಹೇಳಿ.

ಇದರ ಜೊತೆ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ), ನರಗಳ ಕಂಡಕ್ಷನ್ ಟೆಸ್ಟ್, ಅಲ್ಟ್ರಾಸೌಂಡ್ ನೋಡಿಕೊಂಡು ಕೀಲಿಗೆ ಇಂಜೆಕ್ಷನ್ ಕೊಡೋದು, ಬೆಡ್‌ಸೋರ್ ಮತ್ತು ಮೂತ್ರಕೋಶ ನೋಡಿಕೊಳ್ಳೋದು, ಕೃತಕ ಕಾಲು, ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಬರೆದುಕೊಡೋದು ಎಲ್ಲಾ ಕಲಿಯುತ್ತೀರಿ. ಬಿಗಿದುಕೊಂಡ ಸ್ನಾಯುವಿಗೆ ಬೊಟುಲಿನಂ ಟಾಕ್ಸಿನ್ ಕೊಡೋದೂ ಇದೆ. ಅದರ ಪರಿಣಾಮ ಸುಮಾರು ಮೂರು ತಿಂಗಳು, ಬೆಲೆ ಜಾಸ್ತಿ. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಮತ್ತೆ ಮತ್ತೆ ಕೊಡಿಸೋದು ಆಗದ ಮಾತು. ಹಾಗಾಗಿ ಅಗ್ಗದ ಫೀನಾಲ್ ಬ್ಲಾಕ್, ಅಂದರೆ ಬಿಗಿತ ಇಳಿಸಲು ನರಕ್ಕೆ ಫೀನಾಲ್ ಇಂಜೆಕ್ಷನ್ ಕೊಡೋದನ್ನು ಕಲಿಸುವ ವಿಭಾಗ ಸಿಕ್ಕರೆ ಬಿಡಬೇಡಿ. ಥೀಸಿಸ್ ಇರುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ 3 ತಿಂಗಳ ಡಿಸ್ಟ್ರಿಕ್ಟ್ ರೆಸಿಡೆನ್ಸಿಯೂ ಇರುತ್ತದೆ.

ಈಗ ಕಾಲೇಜಿನ ವಿಷಯ. ಎಂಡಿ, ಡಿಎನ್‌ಬಿ ಎರಡೂ ಸ್ನಾತಕೋತ್ತರ ಪದವಿಗಳೇ, ಎರಡೂ 3 ವರ್ಷವೇ, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೀವು ನೋಡಬೇಕಾದ್ದು ವಿಭಾಗಕ್ಕೆ ಸ್ವಂತ ಬೆಡ್ ಇದೆಯಾ ಅಂತ. ಬರೀ ಓಪಿಡಿ ಇರುವ ಕಡೆ ಮೊಣಕಾಲು, ಸೊಂಟ ನೋವಿನಲ್ಲೇ ಮೂರು ವರ್ಷ ಕಳೆದುಹೋಗುತ್ತದೆ. ಬೆನ್ನುಹುರಿ ಪೆಟ್ಟಾದವರನ್ನು ಮೊದಲ ದಿನದಿಂದ ಡಿಸ್ಚಾರ್ಜ್‌ವರೆಗೆ ನೀವೇ ನೋಡಿಕೊಂಡಿರಬೇಕು. ಎರಡನೆಯದು, ಕೃತಕ ಕೈಕಾಲು ತಯಾರಿಸುವ ವರ್ಕ್‌ಶಾಪ್ ಅದೇ ಆವರಣದಲ್ಲಿದೆಯಾ ನೋಡಿ. ಮುಂಬೈ ಹಾಜಿ ಅಲಿ ಹತ್ತಿರ 1955ರಲ್ಲಿ ಶುರುವಾದ ಅಖಿಲ ಭಾರತ ಪಿಎಂಆರ್ ಸಂಸ್ಥೆ ಇದೆ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್ (ಸಿಎಂಸಿ) ಇದೆ. ಸೀಟುಗಳು ಕಡಿಮೆ. ವರ್ಷ ವರ್ಷ ಬದಲಾಗುತ್ತವೆ, ಕೌನ್ಸೆಲಿಂಗ್ ಪಟ್ಟಿ ನೋಡಿಯೇ ನಿರ್ಧರಿಸಿ. ಆಯ್ಕೆ ತುಂಬುವ ಮೊದಲು ಅಲ್ಲಿಯ ಎರಡನೇ ವರ್ಷದ ರೆಸಿಡೆಂಟ್ ಒಬ್ಬರಿಗೆ ಫೋನ್ ಮಾಡಿ. ಮೊದಲ ವರ್ಷದವರಿಗೆ ಪೂರ್ತಿ ಗೊತ್ತಿರಲ್ಲ, ಮೂರನೇ ವರ್ಷದವರು ಪರೀಕ್ಷೆ ಗಡಿಬಿಡಿಯಲ್ಲಿರುತ್ತಾರೆ.

ಅಂದಹಾಗೆ, ವೆಲ್ಲೂರಿನ ವಿಭಾಗ ಕಟ್ಟಿದವರು ಡಾ. ಮೇರಿ ವರ್ಗೀಸ್. 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಆಮೇಲೂ ವ್ಹೀಲ್‌ಚೇರ್‌ನಲ್ಲಿ ಕೂತೇ ಕುಷ್ಠರೋಗಿಗಳ ಕೈ ಆಪರೇಷನ್ ಮಾಡಿದರು. ನ್ಯೂಯಾರ್ಕಿನಲ್ಲಿ ಈ ವಿಷಯದ ಹಿರಿಯರಾಗಿದ್ದ ಡಾ. ಹೊವಾರ್ಡ್ ರಸ್ಕ್ ಅವರ ಬಳಿ ಪಿಎಂಆರ್ ಕಲಿತು ಬಂದರು.

ಪ್ರಶ್ನೆ: ಗದಗಿನವಳು, ಬಿಪಿಟಿ (ಫಿಸಿಯೋಥೆರಪಿ ಪದವಿ) ಕೊನೆಯ ವರ್ಷ. ನಾನು ಎಂಡಿ ಪಿಎಂಆರ್ ಮಾಡಬಹುದಾ?

ಉತ್ತರ: ಇಲ್ಲ, ಎಂಬಿಬಿಎಸ್ ಆಗಿರಲೇಬೇಕು. ನಿಮ್ಮ ದಾರಿ ಎಂಪಿಟಿ, ಅಂದರೆ ಫಿಸಿಯೋಥೆರಪಿಯಲ್ಲೇ ಸ್ನಾತಕೋತ್ತರ ಪದವಿ. ನ್ಯೂರೋ ಇಷ್ಟವಿದ್ದರೆ ಪಿಎಂಆರ್ ವಾರ್ಡ್ ಇರುವ ಆಸ್ಪತ್ರೆಯಲ್ಲೇ ಸೇರಿ, ಎರಡೂ ಕಡೆಯವರಿಗೆ ಲಾಭ.

ಪ್ರಶ್ನೆ: ಪಿಎಂಆರ್ ಕೊನೆಯ ವರ್ಷದಲ್ಲಿದ್ದೇನೆ, ಊರು ಹಾವೇರಿ. ಹುಬ್ಬಳ್ಳಿ-ಧಾರವಾಡಕ್ಕೆ ಬಂದು ಕೂತರೆ ಕೆಲಸ ಸಿಗುತ್ತಾ?

ಉತ್ತರ: ಸಿಗುತ್ತದೆ, ಆದರೆ ಬೋರ್ಡ್ ನೋಡಿ ಯಾರೂ ಬರಲ್ಲ. ನ್ಯೂರೋ, ಆರ್ಥೋ ಡಾಕ್ಟರುಗಳು ಕಳಿಸಬೇಕು. ಅವರಿಗೆ ಬೇಕಿರುವುದು ಆಪರೇಷನ್ ಆದ ರೋಗಿಯ ಹೊಣೆ ಹೊರುವವರು. ಬರೀ ನೋವಿನ ಕ್ಲಿನಿಕ್ ತೆರೆದರೆ ದುಡ್ಡು ಬೇಗ ಬರುತ್ತೆ ನಿಜ. ಆದರೆ ಆ ಕೆಲಸಕ್ಕೆ ಊರಲ್ಲಿ ಬೇರೆಯವರೂ ಇದ್ದಾರೆ, ಬೆನ್ನುಹುರಿ ರೋಗಿಗಳಿಗೆ ಯಾರಿದ್ದಾರೆ? ಅಂಗವೈಕಲ್ಯ ಪ್ರಮಾಣಪತ್ರದ ಕೆಲಸವನ್ನೂ ಚೆನ್ನಾಗಿ ಕಲಿತು ಬನ್ನಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಮೀಸಲಾತಿಯಂಥ ಸೌಲಭ್ಯಕ್ಕೆ ವೈಕಲ್ಯ ಕನಿಷ್ಠ ಶೇ 40 ಇರಬೇಕು. ಅಳತೆ ತಪ್ಪಿದರೆ ಒಂದು ಮನೆಯ ಆಸರೆಯೇ ಹೋಗುತ್ತದೆ.

ಇನ್ನು ಪುಸ್ತಕದಲ್ಲಿ ಇಲ್ಲದ್ದು. ನವಲಗುಂದ ಕಡೆಯ ರೈತರಿಗೆ ಕೃತಕ ಕಾಲು ಬರೆದುಕೊಡುವಾಗ ಮಳೆಗಾಲದ ಎರೆ ಮಣ್ಣು ನೆನಪಿರಲಿ. ಬೂಟು ಬೇಡುವ ಕಾಲು ಆ ಕೆಸರಲ್ಲಿ ನಡೆಯಲ್ಲ, ಜೈಪುರ ಕಾಲು ಬರಿಗಾಲಲ್ಲೂ ನಡೆಯುತ್ತದೆ. ಲಕ್ವಾ ಆದ ಅಜ್ಜ ಕೇಳೋದು "ಸಂಡಾಸಕ್ಕ ಹೆಂಗ ಕುಂಡ್ರಲಿ?" ಅಂತಲೇ. ಮಧ್ಯೆ ತೂತಿರುವ ಕುರ್ಚಿ, ಗೋಡೆಗೊಂದು ಹಿಡಿಕೆ, ಊರಿನ ಬಡಗಿಗೆ ಅಳತೆ ಬರೆದ ಚೀಟಿ. ಆ ದಿನದ ಪ್ರಿಸ್ಕ್ರಿಪ್ಷನ್ ಇಷ್ಟೇ.

ಇಎಂಜಿ ಮಷಿನ್ ಆಮೇಲೆ ಕೊಳ್ಳಿ, ಮೊದಲು ಜಾಗ ನೋಡಿ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಮೊದಲ ಮಹಡಿ ಅಗ್ಗಕ್ಕೆ ಸಿಕ್ಕರೂ ಬೇಡ. ನೆಲಮಹಡಿಯೇ ಬೇಕು, ವ್ಹೀಲ್‌ಚೇರ್ ನುಗ್ಗುವ ಬಾಗಿಲು ಬೇಕು. ಮೆಟ್ಟಿಲಿನ ಜಾಗದಲ್ಲಿ ರ‍್ಯಾಂಪ್ ಕಟ್ಟಿಸುವಾಗ 1 ಅಡಿ ಏರಿಗೆ 12 ಅಡಿ ಉದ್ದ ಬಿಡಿಸಿ, ಗೌಂಡಿ ಎಷ್ಟೇ ಗೊಣಗಲಿ.