ಟೆಫ್ಲಾನ್ ಟೇಪ್ ಸುತ್ತಿದ ಫ್ಯೂಯೆಲ್ ಲೈನ್: ಶನಿವಾರದ ಹಾರಾಟ ಬಿಡಿ, ಮೊದಲು ಬೌಲ್ ಬಿಚ್ಚಿ

ಸಾರ್, ನೀವೇ ಕಟ್ಟಿದ ಜೆನಿತ್ 750 ವಿಮಾನದ ಫೋಟೋಗಳನ್ನು ಈ ಗುಂಪಿನಲ್ಲಿ ಹಾಕಿದ್ದೀರಲ್ಲ, ಎಲ್ಲ ನೋಡಿದೆ. ರಿವೆಟ್ ಕೆಲಸ ಚೆನ್ನಾಗಿದೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಫೈರ್‌ವಾಲ್ (ಎಂಜಿನ್‌ಗೂ ಕಾಕ್‌ಪಿಟ್‌ಗೂ ನಡುವಿನ ತಡೆಗೋಡೆ) ಫೋಟೋದಲ್ಲಿ ಒಂದೊಂದು ಜಾಯಿಂಟಿನಿಂದಲೂ ಬಿಳಿ ಟೆಫ್ಲಾನ್ ಟೇಪ್ ಇಣುಕ್ತಿದೆ. ಗ್ಯಾಸ್ಕೊಲೇಟರ್, ಅಂದರೆ ನೀರು-ಕಸ ತಡೆಯುವ ಇಂಧನ ಸೋಸುಕ, ಅದರ ಸುತ್ತ ಕೆಂಪು ಸಿಲಿಕೋನ್ ಮೆತ್ತಿದ್ದೀರಿ. ಅದರ ಜೊತೆಗೆ, ನೆಲದ ಮೇಲೆ ಫುಲ್ ಥ್ರಾಟಲ್ ಕೊಟ್ಟಾಗ ಸ್ವಲ್ಪ ಹೊತ್ತಿಗೆ ಎಂಜಿನ್ ತೊದಲ್ತು, ಥ್ರಾಟಲ್ ಇಳಿಸಿದ ಮೇಲೆ ತಾನಾಗೇ ಸರಿಹೋಯ್ತು, ಶನಿವಾರ ಮೊದಲ ಹಾರಾಟ ಅಂತಲೂ ಬರೆದಿದ್ದೀರಿ. ನಿಮ್ಮ ಪೋಸ್ಟಿಗೆ ಉತ್ತರವಾಗಿ ಒಬ್ಬರು "ಪಂಪ್ ಸಾಲದು, ದೊಡ್ಡದು ಹಾಕಿ" ಅಂದಿದ್ದಾರೆ. ಶನಿವಾರದ ಹಾರಾಟವನ್ನೂ ಬಿಡಿ, ದೊಡ್ಡ ಪಂಪನ್ನೂ ಬಿಡಿ. ನಿಮ್ಮ ರೊಟ್ಯಾಕ್ಸ್ 912 ಎಂಜಿನ್ನಿನ ಎರಡು ಕ್ಯಾರ್ಬುರೇಟರಿಗೆ ಬೇಕಾದ ಒತ್ತಡ 0.15ರಿಂದ 0.4 ಬಾರ್ ಅಷ್ಟೇ. ಹೊಸ ಮಾದರಿಯ ಪಂಪ್ ಇದ್ದರೆ 0.5ರವರೆಗೆ ನಡೆಯುತ್ತೆ. ಅದಕ್ಕಿಂತ ಜಾಸ್ತಿ ತಳ್ಳಿದರೆ ಒಳಬರುವ ಪೆಟ್ರೋಲನ್ನು ಫ್ಲೋಟ್ ನೀಡಲ್ ತಡೆಯಲಾರದೆ ಬೌಲ್ (ಕ್ಯಾರ್ಬುರೇಟರ್ ತಳದ ಪೆಟ್ರೋಲ್ ಬಟ್ಟಲು) ತುಂಬಿ ಹರಿಯುತ್ತೆ. ಆಗ ನಿಮಗೆ ಒಂದಲ್ಲ, ಎರಡು ತೊಂದರೆ.

"ತಾನಾಗೇ ಸರಿಹೋಯ್ತು" ಅಂದಿರಲ್ಲ, ಅದನ್ನು ಓದಿಯೇ ನಾನು ಇಷ್ಟುದ್ದ ಬರೆಯೋಕೆ ಕೂತಿದ್ದು. ನಮ್ಮ ಹ್ಯಾಂಗರ್ ಸಾಲಿನ ಗೆಳೆಯರೊಬ್ಬರ 912 ಯುಎಲ್‌ಎಸ್‌ನಲ್ಲಿ (912ರದೇ ಒಂದು ಮಾದರಿ) ಇದೇ ಕಥೆ ಆಗಿತ್ತು. ಟ್ಯಾಕ್ಸಿ ಸರಿ, ರನ್‌ಅಪ್ (ಹಾರುವ ಮುಂಚಿನ ಎಂಜಿನ್ ಪರೀಕ್ಷೆ) ಸರಿ, ಮೇಲೇರುವಾಗ ಇಡೀ ವಿಮಾನ ಗಡಗಡ ಅಂತ ನಡುಗೋದು. ಪವರ್ ಇಳಿಸಿದರೆ ಮತ್ತೆ ನುಣ್ಣಗೆ ಓಡೋದು. ಪ್ಲಗ್ ಬದಲಿಸಿದರು. ಇಗ್ನಿಷನ್ ಮಾಡ್ಯೂಲ್ ಮೇಲೆ ಅನುಮಾನ ಪಟ್ಟು ಅದಕ್ಕೂ ದುಡ್ಡು ಸುರಿದರು. ಕೊನೆಗೆ ಬೌಲ್ ಬಿಚ್ಚಿದಾಗ ಎಡಗಡೆಯದರ ತಳದಲ್ಲಿ ಶಾವಿಗೆ ಎಳೆಯಂಥ ಬಿಳಿ ಚೂರೊಂದು ಬಿದ್ದಿತ್ತು. ಬಿಸಿಲಿಗೆ ಹಿಡಿದು ಬೌಲನ್ನು ಸ್ವಲ್ಪ ಅಲುಗಾಡಿಸಿದರೆ ಎದ್ದು ತೇಲಾಡುತ್ತೆ, ಬಿಟ್ಟರೆ ನಿಧಾನಕ್ಕೆ ತಳ ಸೇರುತ್ತೆ. ನಡೀತಿದ್ದದ್ದೂ ಇದೇ. ಪವರ್ ಕಡಿಮೆ ಇದ್ದಾಗ ಅದು ತಳದಲ್ಲೇ ಮಲಗಿರುತ್ತೆ. ಪೂರ್ತಿ ಥ್ರಾಟಲ್ ಕೊಟ್ಟರೆ ಇಂಧನದ ಸೆಳೆತಕ್ಕೆ ಎದ್ದು ಮೇನ್ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ರಂಧ್ರ) ಬಾಯಿಗೆ ಹೋಗಿ ಅಂಟಿಕೊಳ್ಳುತ್ತೆ. ಆ ಕಡೆಯ ಎರಡು ಸಿಲಿಂಡರ್ ಹಸಿದವು ಅಂತಲೇ ಲೆಕ್ಕ. ಥ್ರಾಟಲ್ ಇಳಿಸಿದರೆ ಸೆಳೆತ ಕಡಿಮೆ, ಮತ್ತೆ ತಳಕ್ಕೆ. ಹೀಗಾಗಿ ಸರಿಹೋಯ್ತು ಅಂತ ಕಾಣುತ್ತೆ, ಆದರೆ ಚೂರು ಎಲ್ಲಿಗೂ ಹೋಗಿರಲ್ಲ.

ಟೇಪ್ ವಿಷಯ ಒಂದೇ ಸಲ ಹೇಳಿಬಿಡ್ತೀನಿ. ಎಎನ್ ಫ್ಲೇರ್ ಜಾಯಿಂಟಿನಲ್ಲಿ (ಪೈಪಿನ ತುದಿಯನ್ನು ಕೊಳವೆ ಬಾಯಿಯಂತೆ ಅಗಲಿಸಿದ ವಿಮಾನದ ಜಾಯಿಂಟ್) ಸೋರಿಕೆ ತಡೆಯೋದು 37 ಡಿಗ್ರಿ ಕೋನ್, ಲೋಹಕ್ಕೆ ಲೋಹ ಕೂತು. ಥ್ರೆಡ್ ಬರೀ ಬಿಗಿದು ಹಿಡಿಯೋಕೆ. ಅಲ್ಲಿ ಟೇಪ್, ಪೇಸ್ಟ್, ಅಂಟು ಯಾವುದೂ ಬೇಡ. ಟೇಪ್ ಸುತ್ತಿದ ಮೇಲೂ ಸೋರ್ತಿದೆ ಅಂದರೆ ಫ್ಲೇರ್ ಬಿರುಕು ಬಿಟ್ಟಿದೆ, ಇಲ್ಲ ಕೋನ್ ಮೇಲೆ ಗೀರು ಬಿದ್ದಿದೆ, ಇಲ್ಲ ನೀವು ಕಾರ್ ಸ್ಪೇರ್ ಅಂಗಡಿಯ 45 ಡಿಗ್ರಿ ಟೂಲಿನಲ್ಲಿ ಫ್ಲೇರ್ ಮಾಡಿದ್ದೀರಿ. ಮೂರರಲ್ಲಿ ಯಾವುದಾದರೂ ಸರಿ, ಪೈಪ್ ತುದಿ ಕತ್ತರಿಸಿ ಹೊಸದಾಗಿ ಮಾಡಿ. ಇನ್ನೊಂದು ಸುತ್ತು ಬಿಗಿದು ನೋಡೋಣ ಅಂತ ಹೊರಟರೆ ಅಲ್ಯೂಮಿನಿಯಂ ಫ್ಲೇರ್ ತೆಳುವಾಗಿ ಕತ್ತಿನಲ್ಲೇ ಮುರಿಯುತ್ತೆ. ಎನ್‌ಪಿಟಿ ಅನ್ನೋ ಮೊನಚಾಗುತ್ತ ಹೋಗುವ ಪೈಪ್ ಥ್ರೆಡ್ ಇರುವ ಕಡೆ ಮಾತ್ರ, ಅಂದರೆ ಗ್ಯಾಸ್ಕೊಲೇಟರ್, ಟ್ಯಾಂಕಿನ ಬಾಯಿ ಇಂಥಲ್ಲಿ, ಪೇಸ್ಟ್ ಬೇಕು. ನಾನು ಈಜಿ ಟರ್ನ್ ಹಚ್ತೀನಿ. ಹಳಬರು ಪರ್ಮಾಟೆಕ್ಸ್ ನಂಬರ್ 2 ಬಿಟ್ಟು ಬೇರೆ ಮುಟ್ಟಲ್ಲ. ಯಾವುದೇ ಆಗಲಿ, ಮೊದಲ ಎರಡು ಥ್ರೆಡ್ ಖಾಲಿ ಬಿಡಿ, ಒಳಕ್ಕೆ ಹೋಗಬಾರದು. ಆ ಕೆಂಪು ಸಿಲಿಕೋನ್ ಮಾತ್ರ ಇವತ್ತೇ ಕೆರೆದು ತೆಗೀರಿ. ಪೆಟ್ರೋಲ್ ತಾಗಿದರೆ ಅದು ಉಬ್ಬಿ ಮೆತ್ತಗಾಗಿ ಚೂರುಚೂರಾಗಿ ಬಿಡುತ್ತೆ. ಅದರ ಟ್ಯೂಬಿನ ಮೇಲೇ ಪೆಟ್ರೋಲಿಗೆ ಬಳಸಬೇಡಿ ಅಂತ ಬರೆದಿರುತ್ತೆ, ಓದೋರು ಯಾರು!

ಲೈನ್ ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ ಮೇಲೆ ಬೌಲ್‌ಗಳಿಗೆ ಬನ್ನಿ. ಈ ಎಂಜಿನ್ನಿನ ಬಿಂಗ್ 64 ಕ್ಯಾರ್ಬುರೇಟರಿನಲ್ಲಿ ತಂತಿ ಕ್ಲಿಪ್ ಪಕ್ಕಕ್ಕೆ ತಳ್ಳಿದರೆ ಬೌಲ್ ಕೈಗೆ ಬರುತ್ತೆ. ಕೆಳಗೆ ಡ್ರಿಪ್ ಟ್ರೇ ಅಡ್ಡ ಬಂದರೆ ರಬ್ಬರ್ ಸಾಕೆಟ್ ಕ್ಲ್ಯಾಂಪ್ ಸಡಿಲಿಸಿ ಕ್ಯಾರ್ಬ್ ಸ್ವಲ್ಪ ತಿರುಗಿಸಿಕೊಳ್ಳಿ. ಒಳಗಿನ ಪೆಟ್ರೋಲನ್ನು ಸುಮ್ಮನೆ ಚೆಲ್ಲಬೇಡಿ. ಬಿಳಿ ತಟ್ಟೆಗೆ ಸುರಿದು ಬಿಸಿಲಲ್ಲಿ ನೋಡಿ. ಬಿಳಿ ಎಳೆ ಕಂಡರೆ ಟೇಪ್. ಕಪ್ಪು ಸಿಪ್ಪೆಯಂಥದ್ದು ಕಂಡರೆ ಹೋಸ್. ಬಾರ್ಬ್ (ಹೋಸ್ ಕೂರುವ ಏಣುಗಳಿರುವ ಮೂತಿ) ಮೇಲೆ ಹೋಸನ್ನು ಒಣಗಿದ್ದಂತೆಯೇ ಒತ್ತಿ ತೂರಿಸಿದರೆ ಬಾರ್ಬಿನ ಅಂಚು ಒಳಗಿನ ರಬ್ಬರನ್ನು ಹೆರೆದು ತೆಗೆಯುತ್ತೆ. ಒಂದು ತೊಟ್ಟು ಎಣ್ಣೆ ಹಚ್ಚಿ ತೂರಿಸಿ. ಹೋಸನ್ನು ಹೊಸ ಬ್ಲೇಡಿನಲ್ಲಿ ನೇರಕ್ಕೆ ಕತ್ತರಿಸಿ, ಗರಗಸ ಹಾಕಬೇಡಿ. ತಳದಲ್ಲಿ ನೀರಿನ ಹನಿ ಕಂಡರೆ ಅದರ ಮಾತು ಬೇರೆ, ಕೆಳಗೆ ಹೇಳ್ತೀನಿ.

ಒಂದೊಂದು ಬೌಲ್ ಕೈಯಲ್ಲಿದ್ದಾಗಲೇ ಅದರ ಎರಡು ಫ್ಲೋಟನ್ನೂ (ತೇಲುವ ಬುಂಡೆ) ತೂಕ ಮಾಡಿ. ಬಂಗಾರ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಎರಡೂ ಸೇರಿ 7 ಗ್ರಾಂ ಮೀರಬಾರದು. ಮೀರಿದ್ದರೆ ಅವು ಪೆಟ್ರೋಲ್ ಕುಡಿದು ಭಾರವಾಗಿವೆ. ಮುಳುಗಿದ ಫ್ಲೋಟ್ ನೀಡಲ್ ಮುಚ್ಚಿಸಲ್ಲ, ಆ ಕಡೆ ರಿಚ್ ಆಗಿ, ಅಂದರೆ ಪೆಟ್ರೋಲ್ ಹೆಚ್ಚಾಗಿ, ಓಡುತ್ತೆ, ವೆಂಟ್ ಪೈಪಿನಿಂದ ತೊಟ್ಟಿಕ್ಕುತ್ತೆ. ಹೊಸ ಫ್ಲೋಟ್ ಹಾಕಿದ್ದೀನಿ ಅಂತ ಧೈರ್ಯ ಬೇಡ, ಹೊಸದರಲ್ಲೂ ಇಂಥವು ಬಂದಿವೆ, ರೊಟ್ಯಾಕ್ಸ್ ಕಂಪನಿಯೇ ಇದರ ಮೇಲೆ ಬುಲೆಟಿನ್ ಹೊರಡಿಸಿದೆ. ಇಜಿಟಿ (ಹೊಗೆಯ ಬಿಸಿ ತೋರಿಸುವ ಮಾಪಕ) ನಾಲ್ಕೂ ಸಿಲಿಂಡರಿಗೆ ಹಾಕಿಸಿದ್ದರೆ ಬಿಚ್ಚುವ ಮೊದಲೇ ಸುಳಿವು ಸಿಗುತ್ತೆ. 1 ಮತ್ತು 3 ಒಂದು ಕ್ಯಾರ್ಬಿನವು, 2 ಮತ್ತು 4 ಇನ್ನೊಂದರವು. ಒಂದು ಜೋಡಿ ಏರಿದರೆ ಆ ಕಡೆ ಹಸಿವು, ಇಳಿದರೆ ಆ ಕಡೆ ಅಜೀರ್ಣ.

ಇನ್ನು ಎಲ್ಲರೂ ತಪ್ಪಿಸಿಕೊಳ್ಳುವ ಕೆಲಸ, ಫ್ಲೋ ಟೆಸ್ಟ್, ಇಂಧನ ಸಾಕಷ್ಟು ಹರಿಯುತ್ತಾ ಅನ್ನೋ ಪರೀಕ್ಷೆ. ನೆಲದ ಮೇಲೆ ಎಂಜಿನ್ ಓಡಿಸಿದ್ದು ಫ್ಲೋ ಟೆಸ್ಟ್ ಅಲ್ಲ ಸಾರ್. ವಿಮಾನ ಮಟ್ಟಸವಾಗಿ ನಿಂತಿದೆ, ಟ್ಯಾಂಕ್ ಅರ್ಧ ತುಂಬಿದೆ, ಇಂಥ ಸ್ಥಿತಿಯಲ್ಲಿ ಯಾವ ಲೈನಾದರೂ ಹರಿಯುತ್ತೆ. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎಯ ಎಸಿ 90-89 ಕೈಪಿಡಿಯಲ್ಲಿ ಇರೋದೇ ನಾನು ಮಾಡೋದು. ಮೂತಿಯನ್ನು ನಿಮ್ಮ ಅತಿ ಕಡಿದಾದ ಏರಿಕೆಯ ಕೋನಕ್ಕಿಂತ 5 ಡಿಗ್ರಿ ಮೇಲಕ್ಕೆ ಎತ್ತಿ ನಿಲ್ಲಿಸಬೇಕು. ಗುರುತ್ವದಿಂದ ಹರಿಯುವ ವ್ಯವಸ್ಥೆಯಾದರೆ ಟೇಕಾಫ್ ಪವರಿನಲ್ಲಿ ಎಂಜಿನ್ ಕುಡಿಯುವುದರ 150 ಶೇಕಡ ಹರಿಯಬೇಕು, ಪಂಪ್ ಇದ್ದರೆ 125. ಯುಎಲ್‌ಎಸ್ 5800 ಆರ್‌ಪಿಎಂನಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತೆ. ಅಂದರೆ ಪಂಪ್ ಹಾಕಿಕೊಂಡು ಗಂಟೆಗೆ 34 ಲೀಟರ್ ಬರಬೇಕು. ಒಂದು ಲೀಟರ್ ಡಬ್ಬಿ ತುಂಬೋಕೆ 1 ನಿಮಿಷ 45 ಸೆಕೆಂಡಿಗಿಂತ ಹೆಚ್ಚು ತಗೊಂಡರೆ ನಪಾಸು. ಪಂಪ್ ಆಫ್ ಮಾಡಿ ಬರೀ ರೆಕ್ಕೆಯ ಟ್ಯಾಂಕಿನ ಎತ್ತರದಿಂದ ಬರೋದನ್ನೂ ಅಳೆದು ಬರೆದಿಟ್ಟುಕೊಳ್ಳಿ. ಪಂಪ್ ಕೈಕೊಟ್ಟ ದಿನ ಎಷ್ಟು ಸಿಗುತ್ತೆ ಅಂತ ಗೊತ್ತಿರುತ್ತೆ.

ಮಾಡೋ ರೀತಿ: ಬಾಲ ಕೆಳಗಿಳಿಸಿ ನೆಲದ ಕೊಂಡಿಗೆ ಕಟ್ಟಿ, ಮುಂದಿನ ಚಕ್ರದ ಕೆಳಗೆ ಗಟ್ಟಿ ಆಧಾರ ಕೊಡಿ. ಬಾಗಿಲ ಚೌಕಟ್ಟಿನ ಮೇಲೆ ಡಿಜಿಟಲ್ ಲೆವೆಲ್ ಇಟ್ಟು ಕೋನ ನೋಡಿ. 750 ಗಿಡ್ಡ ರನ್‌ವೇ ವಿಮಾನ, ಅದರ ಏರಿಕೆ ಕಡಿದು, ನೀವಂದುಕೊಂಡದ್ದಕ್ಕಿಂತ ಜಾಸ್ತಿ ಎತ್ತಬೇಕಾಗುತ್ತೆ. ಎರಡೂ ಕ್ಯಾರ್ಬಿನ ಇನ್‌ಲೆಟ್ ಬಿಚ್ಚಿ ಎರಡರ ಧಾರೆಯನ್ನೂ ಒಂದೇ ಪಾತ್ರೆಗೆ ಹಿಡಿಯಿರಿ. ರಿಟರ್ನ್ ಲೈನ್ (ಹೆಚ್ಚಾದ ಪೆಟ್ರೋಲನ್ನು ವಾಪಸ್ ಒಯ್ಯುವ ಪೈಪ್) ಹಾರುವಾಗ ಹೇಗಿರುತ್ತೋ ಹಾಗೇ ಜೋಡಿಸಿರಬೇಕು, ಬಂದ್ ಮಾಡಿದರೆ ಲೆಕ್ಕ ಸುಳ್ಳು. ಟ್ಯಾಂಕಿಗೆ ಕೆಲವೇ ಲೀಟರ್ ಹಾಕಿ ಶುರು ಮಾಡಿ. ಧಾರೆ ಕುಗ್ಗುವ ಹೊತ್ತಿಗೆ ಟ್ಯಾಂಕಿನಲ್ಲಿ ಉಳಿದದ್ದನ್ನು ಬಸಿದು ಅಳೆದರೆ, ಅದೇ ನಿಮ್ಮ ಬಳಕೆಗೆ ಬಾರದ ಇಂಧನ. ಎರಡು ರೆಕ್ಕೆಗೂ ಬೇರೆಬೇರೆ ಮಾಡಿ. ಬಯಲಲ್ಲಿ ಮಾಡಿ, ಲೋಹದ ಪಾತ್ರೆಯನ್ನು ವಿಮಾನಕ್ಕೆ ತಂತಿಯಿಂದ ಬಾಂಡ್ ಮಾಡಿ, ಅಗ್ನಿಶಾಮಕ ಹಿಡಿದು ಒಬ್ಬರು ನಿಲ್ಲಲಿ. ಆ ಒಬ್ಬರು ಫೋನ್ ನೋಡ್ತಾ ನಿಲ್ಲೋರಾಗಬಾರದು.

ಇದೆಲ್ಲ ಅತಿ ಅಂತ ಅನಿಸಿದರೆ, ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತಗಳ ಮೇಲೆ ವರದಿ ಕೊಟ್ಟಾಗ ಎಂಜಿನ್ ಕೈಕೊಡೋದೂ ಹತೋಟಿ ತಪ್ಪೋದೂ ಮೊದಲ ಸಾಲಿನಲ್ಲಿದ್ದವು. ಫ್ಯೂಯೆಲ್ ಸಿಸ್ಟಮ್ ಪರೀಕ್ಷೆ ಮಾಡಿ ದಾಖಲೆ ಕೊಟ್ಟ ಮೇಲೇ ಹಾರೋಕೆ ಬಿಡಿ ಅಂತ ಅವರು ಎಫ್‌ಎಎಗೆ ಶಿಫಾರಸು ಮಾಡಿದ್ದರು.

ಹಾಗೇ ಇನ್ನೊಂದು ಫೋಟೋದಲ್ಲಿ ನಿಮ್ಮ ಫ್ಯೂಯೆಲ್ ವಾಲ್ವ್ ಸೀಟಿನ ಹಿಂದೆ ಕಾಣ್ತಿದೆ. ಕಾಕ್‌ಪಿಟ್ ಒಳಗೆ ಪೆಟ್ರೋಲ್ ಪೈಪ್ ಬೇಡ ಅನ್ನೋ ನಿಮ್ಮ ವಾದ ಅರ್ಥವಾಗುತ್ತೆ. 1997ರ ಅಕ್ಟೋಬರಿನಲ್ಲಿ ಗಾಯಕ ಜಾನ್ ಡೆನ್ವರ್ ಮಾಂಟೆರೆ ಕೊಲ್ಲಿಯಲ್ಲಿ ಬಿದ್ದ ಲಾಂಗ್ ಈಜಿ ಅನ್ನೋ ಮನೆಯಲ್ಲಿ ಕಟ್ಟಿದ ವಿಮಾನದಲ್ಲೂ ಕಟ್ಟಿದವರು ಇದೇ ಯೋಚನೆಯಲ್ಲಿ ಪ್ಲಾನ್ ಬಿಟ್ಟು ವಾಲ್ವನ್ನು ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು. ಅದಕ್ಕೆ ಗುರುತೂ ಇರಲಿಲ್ಲ. ಟ್ಯಾಂಕ್ ಬದಲಿಸೋಕೆ ಹಿಂದಕ್ಕೆ ತಿರುಗಿದಾಗ ವಿಮಾನ ಹತೋಟಿ ತಪ್ಪಿತು ಅಂತ ತನಿಖೆ ಹೇಳುತ್ತೆ. ಬೆಲ್ಟ್ ಬಿಗಿದುಕೊಂಡು, ತಲೆ ತಿರುಗಿಸದೆ, ಕೈಗೆ ಸಿಗಬೇಕು. ಆಂಡೇರ್ ವಾಲ್ವ್ ದುಬಾರಿ, ಹೌದು. ಆದರೆ ಕೈಯಲ್ಲಿ ತಿರುಗಿಸಿದಾಗ ಯಾವ ಟ್ಯಾಂಕಿಗೆ ಬಂತು ಅಂತ ಟಕ್ ಅಂತ ಗೊತ್ತಾಗುತ್ತೆ. ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆ ಬಾಲ್ ವಾಲ್ವ್ ನೋಡಿದರೆ ನನಗೆ ಮೈ ಉರಿಯುತ್ತೆ.

ಪೆಟ್ರೋಲ್ ಬಗ್ಗೆ. ಯುಎಲ್‌ಎಸ್‌ಗೆ ಇಲ್ಲಿ ಅಮೆರಿಕದ ಪಂಪಿನ 91 ಆಕ್ಟೇನ್ ಆಗುತ್ತೆ, ಎಥನಾಲ್ 10 ಶೇಕಡ ಮೀರಬಾರದು. ಊರಿನಿಂದ ಈ ಗುಂಪು ಓದೋರಿಗೆ ಒಂದು ಮಾತು: ಭಾರತದ ಬಂಕ್‌ಗಳಲ್ಲಿ ಈಗ ಸಾಮಾನ್ಯವಾಗಿ ಸಿಗೋದು ಇ20 (20 ಶೇಕಡ ಎಥನಾಲ್), ಅದು ರೊಟ್ಯಾಕ್ಸ್ ಮಿತಿಯ ದುಪ್ಪಟ್ಟು. ಬೈಕ್ ಓಡುತ್ತೆ ಅಂತ ಮೈಕ್ರೋಲೈಟಿಗೆ ಸುರಿಯಬೇಡಿ. ಎಥನಾಲ್ ಎಷ್ಟಿದೆ ಅಂತ ನೋಡೋದು ಸುಲಭ. ಗೆರೆ ಇರುವ ಗಾಜಿನ ಕೊಳವೆಗೆ ಸ್ವಲ್ಪ ನೀರು, ಮೇಲೆ ಪೆಟ್ರೋಲ್, ಕುಲುಕಿ ಬಿಡಿ. ನೀರಿನ ಮಟ್ಟ ಮೇಲಕ್ಕೆ ಬಂದಿದ್ದರೆ ಬಂದಷ್ಟೂ ಎಥನಾಲೇ. ಅದು ನೀರನ್ನು ತನ್ನೊಳಗೆ ಬಚ್ಚಿಟ್ಟುಕೊಳ್ಳುತ್ತೆ, ಹಾಗಾಗಿ ಬೆಳಗ್ಗೆ ಬಸಿದು ನೋಡಿದಾಗ ಸ್ವಚ್ಛ ಕಾಣುತ್ತೆ. ಚಳಿ ಬಿದ್ದ ಮೇಲೆ ಎರಡೂ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಟ್ಯಾಂಕ್ ಖಾಲಿ ಮಾಡಿ, ಆ ಪೆಟ್ರೋಲ್ ಕಾರಿಗೆ ಹಾಕಿ. ಚಳಿಗಾಲದ ಪೆಟ್ರೋಲ್ ಬೇಗ ಆವಿಯಾಗುವಂತೆ ಮಾಡಿರುತ್ತಾರೆ, ಅದನ್ನೇ ಉಳಿಸಿಕೊಂಡು ಬಿಸಿಲು ಏರಿದ ದಿನ ಹಾರಿದರೆ ಲೈನಿನಲ್ಲಿ ಆವಿ ಕಟ್ಟುತ್ತೆ. ರಿಟರ್ನ್ ಲೈನ್ ಇರೋದು ಇದಕ್ಕೇ. ಅದರ ಕಿರುರಂಧ್ರದ ಜೆಟ್ 0.35 ಮಿಮೀ. ಕಟ್ಟಿಕೊಂಡಿದೆಯಾ ನೋಡಿ, ಆದರೆ ಕಟ್ಟಿಕೊಳ್ಳುತ್ತೆ ಅಂತ ಡ್ರಿಲ್ ಹಾಕಿ ದೊಡ್ಡದು ಮಾಡಬೇಡಿ, ಆಗ ಕ್ಯಾರ್ಬಿಗೆ ಒತ್ತಡವೇ ಸಿಗಲ್ಲ.

100 ಎಲ್‌ಎಲ್ (ಸೀಸ ಇರುವ ವಿಮಾನದ ಪೆಟ್ರೋಲ್) ಹಾಕಬಾರದಾ ಅಂತ ಕೇಳಿದ್ದೀರಿ. ಹಾಕಬಹುದು. ಆದರೆ ಸೀಸ ಗೇರ್‌ಬಾಕ್ಸ್‌ನಲ್ಲೂ ಎಣ್ಣೆ ಟ್ಯಾಂಕಿನಲ್ಲೂ ಬೂದಿ ಮಣ್ಣಿನಂತೆ ಕೂರುತ್ತೆ, 912ರಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸಿಗೂ ಒಂದೇ ಎಣ್ಣೆ. ಮೂರರಲ್ಲೊಂದು ಪಾಲು ಅದೇ ಹಾಕ್ತೀನಿ ಅನ್ನೋದಾದರೆ ನಾನು 25 ಗಂಟೆಗೇ ಎಣ್ಣೆ ಬದಲಿಸೋ ಪೈಕಿ. ಎಣ್ಣೆ ಏರೋಶೆಲ್ ಸ್ಪೋರ್ಟ್ ಪ್ಲಸ್ 4, ಇದರಲ್ಲಿ ಚೌಕಾಸಿ ಇಲ್ಲ. ಮ್ಯಾಗ್ನೆಟಿಕ್ ಪ್ಲಗ್ ಪ್ರತಿ ಸಲ ಬಿಚ್ಚಿ ನೋಡಿ.

ಹೋಸ್ ಗೇಟ್ಸ್ ಬ್ಯಾರಿಕೇಡ್ ಹಾಕಿ. ಗಡಸು, ಬಗ್ಗಿಸೋಕೆ ಬೆವರು ಇಳಿಯುತ್ತೆ, ಆದರೆ ಎಥನಾಲಿಗೆ ಜಗ್ಗಲ್ಲ. ಪಟ್ಟಿಯಲ್ಲಿ ತೂತಿರುವ ಸ್ಕ್ರೂ ಕ್ಲ್ಯಾಂಪ್ ರಬ್ಬರನ್ನು ಕೊರೆಯುತ್ತೆ, ನುಣುಪು ಅಂಚಿನ ಫ್ಯೂಯೆಲ್ ಇಂಜೆಕ್ಷನ್ ಕ್ಲ್ಯಾಂಪ್ ತಗೊಳ್ಳಿ. ಐದು ವರ್ಷಕ್ಕೆ ರಬ್ಬರ್ ಅನ್ನೋದೆಲ್ಲ ಬದಲು: ಹೋಸ್, ಕ್ಯಾರ್ಬ್ ಸಾಕೆಟ್, ಡಯಾಫ್ರಮ್, ಪಂಪ್ ಕೂಡ. ವಿಮಾನ ಹಾರಿಲ್ಲ, ಹ್ಯಾಂಗರಿನಲ್ಲೇ ಇತ್ತು ಅಂದರೆ ರಬ್ಬರಿಗೆ ಅದು ಗೊತ್ತಿಲ್ಲ. ಟ್ಯಾಂಕ್ ವೆಂಟ್ ಪೈಪಿಗೆ ಸಣ್ಣ ಜಾಲರಿ ಹಾಕಿ, ಇಲ್ಲಿನ ಕಣಜಗಳು ಒಂದು ವಾರದಲ್ಲಿ ಮಣ್ಣು ಮೆತ್ತಿ ಮುಚ್ಚಿಬಿಡ್ತವೆ. ಹಾರುವ ಮೊದಲು ಬಾಯಿಂದ ಊದಿ ನೋಡೋದು ನನ್ನ ಅಭ್ಯಾಸ, ಪಕ್ಕದವರು ನಕ್ಕರೆ ನಗಲಿ.

ಸಿಂಕ್, ಅಂದರೆ ಎರಡೂ ಕ್ಯಾರ್ಬ್ ಸಮ ಮಾಡೋದು, ಮಾಡಬೇಕಾ ಅಂದಿದ್ದಿರಿ. ಈಗ ಬೇಡ. ಬೌಲ್, ಫ್ಲೋಟ್, ಫ್ಲೋ ಮೂರೂ ಸರಿಯಾದ ಮೇಲೆ ಮೊದಲು ಕೇಬಲ್, ಆಮೇಲೆ ವ್ಯಾಕ್ಯೂಮ್ ಗೇಜ್. ಈಗಲೇ ಗೇಜ್ ಹಿಡಿದು ಕೂತರೆ ಕಸ ತುಂಬಿದ ಕ್ಯಾರ್ಬಿಗೆ ಸರಿಯಾಗಿ ಟ್ಯೂನ್ ಆಗುತ್ತೆ. ಕೇಬಲ್ ಕೆಲಸ ಮಾಡುವಾಗ ಎಚ್ಚರ, ಅದು ಕಿತ್ತು ಬಂದರೆ ಸ್ಪ್ರಿಂಗ್ ಥ್ರಾಟಲನ್ನು ಪೂರ್ತಿ ತೆರೆಯುತ್ತೆ, ಮುಚ್ಚಲ್ಲ. ಎಂಜಿನ್ ಓಡ್ತಿರುವಾಗ ಅಲ್ಲಿ ಕೈ ಹಾಕಬೇಡಿ.

ಎರಡೂ ಬೌಲ್ ಬಿಚ್ಚಿ ಬಿಳಿ ತಟ್ಟೆಯ ಫೋಟೋ ಇಲ್ಲಿ ಹಾಕಿ, ಎಡ ಯಾವುದು ಬಲ ಯಾವುದು ಬರೆಯಿರಿ. ಜೋಡಿಸುವಾಗ ಬೌಲ್ ಗ್ಯಾಸ್ಕೆಟ್ ಹೊಸದು ಬೇಕಾಗುತ್ತೆ, ಬಿಚ್ಚುವ ಮೊದಲೇ ನಾಲ್ಕು ತರಿಸಿಟ್ಟುಕೊಳ್ಳಿ.